ಹನ್ನೊಂದು ಗಂಟೆಯ ಮೌಲ್ಯಮಾಪನ

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಬಾಗಿಲು ತೆರೆದಿಟ್ಟು, ಜಗಲಿಯ ಬೆಳಕಿನಲ್ಲಿ ಕೂತು ವಿಸ್ಕಿ ಕುಡಿಯುವ ಮಾಸ್ಟ್ರ ಬಗ್ಗೆ ಊರಿಗೆ ಒಳ್ಳೆಯ ಅಭಿಪ್ರಾಯ ಇರುವುದು ಕಷ್ಟ. ನನಗೂ ಇರಲಿಲ್ಲ. ಕುಡಿಯುವವರು ಕತ್ತಲಾಗುವವರೆಗಾದರೂ ಕಾಯುತ್ತಾರೆ, ನಾಲ್ಕು ಜನರ ಕಣ್ಣಿಗೆ ಹೆದರುತ್ತಾರೆ. ಇವರು ಕನ್ನಡಕ ಹಾಕಿಕೊಂಡು, ಪಕ್ಕದಲ್ಲಿ ಕೆಂಪು ಪೆನ್ನು ಇಟ್ಟುಕೊಂಡು ಕುಡಿಯುತ್ತಿದ್ದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಹೆಂಡತಿ, ನಾವೆಲ್ಲ ಅಕ್ಕ ಎಂದು ಕರೆಯುವವರು, ನನ್ನನ್ನು ಬೈಯುತ್ತಾರೆ. ಮಾಸ್ಟ್ರು ಎಂದರೆ ನಮ್ಮ ಕಡೆಯವರಿಗೆ ಗೊತ್ತಾಗುತ್ತದೆ, ಉಳಿದವರಿಗೆ ಗೊತ್ತಾಗಿ ಆಗಬೇಕಾದ್ದೂ ಏನಿಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಮೂಡುಬಿದಿರೆ ಹತ್ತಿರ, ಪುತ್ತಿಗೆ ಕಡೆಯ ಒಂದು ಹೈಸ್ಕೂಲಿಗೆ ಗಣಿತದ ಟೀಚರಾಗಿ ಬಂದೆ. ಅವರು ಅಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನನಗೆ ಸಿಕ್ಕ ಬಾಡಿಗೆ ಮನೆ ಅವರ ಮನೆಯ ಎದುರಿಗೇ. ಮೊದಲ ಭಾನುವಾರವೇ ಆ ದೃಶ್ಯ ಕಂಡು ನಾನು ಕಿಟಕಿ ಮುಚ್ಚಿದೆ. ಬೆಳ್ತಂಗಡಿಯ ನನ್ನ ತವರಿನಲ್ಲಿ ಸೋದರಮಾವನೊಬ್ಬ ಕುಡಿದು ಕುಡಿದೇ ಗದ್ದೆ ಕರಗಿಸಿದವ. ಬಾಟ್ಲಿಯ ಮುಚ್ಚಳ ತಿರುವಿದ ಸದ್ದು ಕೇಳಿದರೆ ಸಾಕು, ಅಮ್ಮ ನಮ್ಮನ್ನೆಲ್ಲ ಒಳಗೆ ಕರೆದು ಚಿಲಕ ಹಾಕುತ್ತಿದ್ದಳು. ಅಂಥ ಮನೆಯಿಂದ ಬಂದವಳು ನಾನು. ಎರಡು ತಿಂಗಳು ಅವರ ಹತ್ತಿರ ಮಾತೇ ಆಡಲಿಲ್ಲ.

ಮಾತು ಶುರುವಾದದ್ದು ಚಹಾದಿಂದ. ಒಂದು ದಿನ ಸ್ಟಾಫ್ ರೂಮಿನಲ್ಲಿ ಲೋಟ ಬಾಯಿಗಿಡುವ ಮೊದಲೇ ನಾನು, "ಚಹಾಪುಡಿ ಬದಲಾಯಿಸಿದ್ದೀರಾ? ಹಾಲು ಕೂಡ ತಳ ಹಿಡಿದಿದೆ" ಎಂದೆ. ಉಳಿದವರೆಲ್ಲ ಅರ್ಧ ಲೋಟ ಕುಡಿದು ಮುಗಿಸಿದ್ದರು, ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಮಾಸ್ಟ್ರು ಎದ್ದು ಹೋಗಿ ಅಡುಗೆಯವಳನ್ನು ಕೇಳಿ ಬಂದರು. ಎರಡೂ ನಿಜವಾಗಿತ್ತು.

"ಟೀಚರ್, ನಿಮ್ಮ ಮೂಗಿಗೆ ನನ್ನ ಹತ್ತಿರ ಕೆಲಸ ಉಂಟು. ಭಾನುವಾರ ಬನ್ನಿ."

"ನಾನು ಅದನ್ನೆಲ್ಲ ಮುಟ್ಟುವುದಿಲ್ಲ" ಎಂದೆ, ಮುಖ ಗಂಟು ಹಾಕಿಕೊಂಡು.

"ಮುಟ್ಟೂದು ಬೇಡ. ಕುಡೀಲಿಕ್ಕೆ ಜನ ಬೇಕಾದಷ್ಟು ಉಂಟು ಮಾರಾಯ್ರೆ. ಮೂಸ್ಲಿಕ್ಕೆ ಜನ ಇಲ್ಲ."

ನಾನು ಹೋದದ್ದು ಅವರ ಮಾತಿಗಲ್ಲ, ಅಕ್ಕ ಬಂದು ಕರೆದದ್ದಕ್ಕೆ. ಹೋಗಿ ನೋಡಿದರೆ ಅದು ಕುಡಿತವಾಗಿರಲಿಲ್ಲ, ಪರೀಕ್ಷೆಯಾಗಿತ್ತು. ಅಕ್ಕ ಪ್ರತಿ ಬಾಟ್ಲಿಗೂ ಹಳೆಯ ಪೇಪರ್ ಸುತ್ತಿ, ದಾರ ಕಟ್ಟಿ, ಮೇಲೊಂದು ನಂಬರ್ ಬರೆಯುತ್ತಿದ್ದರು. ಯಾವ ನಂಬರ್ ಯಾವ ವಿಸ್ಕಿ ಎಂಬ ಚೀಟಿ ಅಕ್ಕಿ ಡಬ್ಬದೊಳಗೆ. ಪಬ್ಲಿಕ್ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಹುಡುಗನ ಹೆಸರು ಮುಚ್ಚುತ್ತಾರಲ್ಲ, ಹಾಗೆ. ಲೇಬಲ್ ನೋಡಿ ಅಂಕ ಕೊಡುವುದು ಜಾತಿ ನೋಡಿ ಅಂಕ ಕೊಟ್ಟ ಹಾಗೆ ಎನ್ನುತ್ತಿದ್ದರು ಮಾಸ್ಟ್ರು. ಅಳತೆ ಜಾಡಿಯಲ್ಲಿ ಮೂವತ್ತು ಎಂ.ಎಲ್. ಅಳೆದು ಗಾಜಿನ ಲೋಟಕ್ಕೆ ಸುರಿದು, ವಾಸನೆ ಹಾರಿಹೋಗದಂತೆ ಮೇಲೊಂದು ಸಣ್ಣ ಗಾಜಿನ ತಟ್ಟೆ ಮುಚ್ಚಿ, ಐದು ನಿಮಿಷ ಸುಮ್ಮನೆ ಕೂರುತ್ತಿದ್ದರು. ಆಮೇಲೆ ಬಾವಿಯ ನೀರು, ಡ್ರಾಪರಿನಲ್ಲಿ ಐದು ಹನಿ. ನಾಲಗೆ ತೊಳೆಯಲು ಉಪ್ಪು ಕಮ್ಮಿ ಹಾಕಿದ ನೀರುದೋಸೆಯ ಒಂದು ಚೂರು. ಬಣ್ಣಕ್ಕೆ ಹತ್ತು ಅಂಕ, ವಾಸನೆಗೆ ಐವತ್ತು, ರುಚಿಗೆ ಮೂವತ್ತು, ನುಂಗಿದ ಮೇಲೆ ಬಾಯಲ್ಲಿ ಉಳಿಯುವುದಕ್ಕೆ ಹತ್ತು. ಒಂದು ಭಾನುವಾರಕ್ಕೆ ಒಂದೇ ವಿಸ್ಕಿ. ಮುಗಿದ ಮೇಲೆ ಅವರು ಲೋಟ ತೊಳೆದಿಟ್ಟು ತರಕಾರಿಗೆ ಹೋಗುತ್ತಿದ್ದರು, ನೆಟ್ಟಗೆ ನಡೆದುಕೊಂಡೇ.

ಇದರಲ್ಲಿ ಕಷ್ಟಪಟ್ಟವರು ಅಕ್ಕ. ಹನ್ನೊಂದೂವರೆಯವರೆಗೆ ಆ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಮೀನು ಹುರಿಯುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ. ಒಮ್ಮೆ ಮರೆತು ಸಾಸಿವೆ ಸಿಡಿಸಿದ್ದಕ್ಕೆ ಜಗಲಿಯಿಂದ, "ಮಾರಾಯ್ತಿ, ನನ್ನ ಪೇಪರಿನ ಮೇಲೆ ಶಾಯಿ ಚೆಲ್ಲಿದೆಯಲ್ಲ" ಎಂದು ಕೂಗಿದ್ದರು. ಅಕ್ಕ ಒಳಗಿನಿಂದ, "ಬೇರೆ ಗಂಡಸರು ಕುಡಿದು ಊಟ ಬೇಡ ಅಂತಾರೆ, ನೀವು ಕುಡೀಲಿಕ್ಕೆ ಅಡುಗೆಯೇ ಬೇಡ ಅಂತೀರಿ" ಎಂದು ಉತ್ತರಿಸಿದ್ದರು. ಅವರಂತೂ ಆ ಲೋಟವನ್ನು ಒಮ್ಮೆಯೂ ಮುಖದ ಹತ್ತಿರ ತಂದವರಲ್ಲ.

ಮೊದಲ ಸಲ ನಾನು ಲೋಟಕ್ಕೆ ಮೂಗು ತೂರಿಸಿ, "ಸ್ಪಿರಿಟು" ಎಂದೆ. ಅವರು ನಗಲಿಲ್ಲ. "ಪುಸ್ತಕವನ್ನು ಕಣ್ಣಿಗೆ ತಾಗಿಸಿ ಹಿಡಿದರೆ ಅಕ್ಷರ ಕಾಣ್ತದಾ? ಎದೆಯ ಹತ್ತಿರ ಹಿಡೀರಿ. ಮೆಲ್ಲ ಮೇಲೆ ತನ್ನಿ. ಬಾಯಿ ಸ್ವಲ್ಪ ತೆರೀರಿ." ಹಾಗೆ ಮಾಡಿದಾಗ ಹಸಿ ಗೋಣಿಚೀಲದ ವಾಸನೆ ಬಂತು, ಅದರ ಹಿಂದೆ ಒಣಗಿದ ದ್ರಾಕ್ಷಿ. ಹೇಳಿದೆ. ಅವರು ತಮ್ಮ ಅಂಕದ ಪುಸ್ತಕದಲ್ಲಿ ಹಾಗೇ ಬರೆದುಕೊಂಡರು, "ಟೀಚರ್ ಹೇಳಿದ್ದು" ಎಂದು ಪಕ್ಕದಲ್ಲಿ ಸೇರಿಸಿ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಮುಂದಿನ ಭಾನುವಾರ ಕರೆಯದೆಯೇ ಹೋದೆ.

ಒಳ್ಳೆಯ ವಿಸ್ಕಿ ಅವರಿಗೆ ಸಿಗುತ್ತಿದ್ದದ್ದು ಅಪರೂಪ. ಗಲ್ಫಿನಿಂದ ಬಂದವರು, ಮಿಲಿಟರಿ ಕ್ಯಾಂಟೀನಿನ ಪರಿಚಯದವರು, ಯಾರ ಹತ್ತಿರವೂ ಅವರು ಬಾಟ್ಲಿ ಕೇಳಿದವರಲ್ಲ. "ಒಂದು ಔನ್ಸ್ ಸಾಕು, ಸ್ಯಾಂಪಲ್" ಎನ್ನುತ್ತಿದ್ದರು. ಅದು ಕೆಮ್ಮಿನ ಔಷಧಿಯ ಶೀಶೆಯಲ್ಲೋ, ಹೋಮಿಯೋಪತಿ ಬಾಟ್ಲಿಯಲ್ಲೋ ಬರುತ್ತಿತ್ತು. ಒಮ್ಮೆ ಒಂದಕ್ಕೆ, "ಸೋಂಪು, ಸಕ್ಕರೆ, ತೊಟ್ಟಿಲ ಬಟ್ಟೆ, ಅದ್ಭುತ" ಎಂದು ಬರೆದು ಅರವತ್ತೊಂದು ಅಂಕ ಕೊಟ್ಟರು. ಆಮೇಲೆ ಗೊತ್ತಾಯಿತು, ಅದು ಮಗುವಿನ ಗ್ರೈಪ್ ವಾಟರಿನ ಬಾಟ್ಲಿ, ಸರಿಯಾಗಿ ತೊಳೆದಿರಲಿಲ್ಲ. ಅವರು ಅಂಕ ಹೊಡೆದುಹಾಕಲಿಲ್ಲ. ಕೆಳಗೆ, "ಈ ಅಂಕ ಮಗುವಿಗೆ ಸೇರಿದ್ದು" ಎಂದು ಬರೆದರು.

ಇನ್ನೊಂದು ದಾರಿ ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನ ಎದುರಿನ ಗುಜರಿ ಅಂಗಡಿ. ಅದರ ಸಾಹುಕಾರರು ಐದು ಹೊತ್ತು ನಮಾಜು ತಪ್ಪಿಸದ ಬ್ಯಾರಿ ಹಿರಿಯರು. ಅವರಿಗೂ ಮಾಸ್ಟ್ರಿಗೂ ಹೇಗೆ ಸ್ನೇಹವಾಯಿತೋ ಗೊತ್ತಿಲ್ಲ. ಗುಜರಿಗೆ ಬಂದ ಖಾಲಿ ಬಾಟ್ಲಿಗಳಲ್ಲಿ ಕಂಡರಿಯದ ವಿದೇಶಿ ಬಾಟ್ಲಿ ಇದ್ದರೆ ಸಾಹುಕಾರರು ಅದನ್ನು ಪೇಪರಿನಲ್ಲಿ ಹಿಡಿದು, ಮುಚ್ಚಳ ಬಿಗಿದು, ತೆಗೆದಿಡುತ್ತಿದ್ದರು. "ಒಳಗಿದ್ದದ್ದು ನಮಗೆ ಹರಾಮ್ ಮಾಸ್ಟ್ರೇ. ಗಾಜು ಹರಾಮ್ ಅಲ್ಲ" ಎನ್ನುತ್ತಿದ್ದರು. ಮಾಸ್ಟ್ರು ಆ ಖಾಲಿ ಬಾಟ್ಲಿಗಳನ್ನು ಮೂಸಿ ಅಂಕ ಕೊಡುತ್ತಿದ್ದರು, ಐವತ್ತಕ್ಕೆ ಮಾತ್ರ. ಥಿಯರಿ ಆಯಿತು, ಪ್ರಾಕ್ಟಿಕಲ್ ಬಾಕಿ ಎಂದು ಪುಸ್ತಕದಲ್ಲಿ ಷರಾ. ಅಮೆರಿಕದ ಬರ್ಬನ್ ಎಂಬುದನ್ನು ನಾನು ಮೂಸಿದ್ದು ಹಾಗೆ, ಚೌಕದ ಖಾಲಿ ಬಾಟ್ಲಿಯೊಂದರಲ್ಲಿ. ಅದನ್ನು ಜೋಳದಿಂದ ಮಾಡುತ್ತಾರೆ, ಒಳಗೆ ಸುಟ್ಟ ಹೊಸ ಪೀಪಾಯಿಯಲ್ಲಿ ಇಡುತ್ತಾರೆ ಎಂದು ಅವರು ವಿವರಿಸಿದರು. ಸುಟ್ಟ ಬೆಲ್ಲ, ವೆನಿಲ್ಲಾ, ಮತ್ತೆ ಹೊಸ ಮರ. "ನಮ್ಮ ಶಾಲೆಗೆ ಹೊಸ ಬೆಂಚು ಬಂದ ದಿನ" ಎಂದು ಬರೆದು ಐವತ್ತಕ್ಕೆ ಮೂವತ್ತೊಂಬತ್ತು ಕೊಟ್ಟರು.

ಅಗ್ಗದ ದೇಶಿ ವಿಸ್ಕಿಗಳ ಬಗ್ಗೆ ಅವರಿಗೆ ಕರುಣೆ. "ಪಾಪ, ಕಬ್ಬಿನ ಕಾಕಂಬಿಯಲ್ಲಿ ಹುಟ್ಟಿ ಧಾನ್ಯದ ಮನೆಯವನು ಅಂತ ಹೇಳಿಕೊಳ್ಳಬೇಕು. ಎಷ್ಟು ಕಷ್ಟ ಅದಕ್ಕೆ" ಎಂದು ನಾಲ್ಕು ಗ್ರೇಸ್ ಮಾರ್ಕ್ಸ್ ಕೊಟ್ಟು ಮೂವತ್ತೈದಕ್ಕೆ ಮುಟ್ಟಿಸುತ್ತಿದ್ದರು. ಮಕ್ಕಳಿಗೂ ಹಾಗೆಯೇ. ಉತ್ತರ ಪತ್ರಿಕೆಯ ಅಂಚಿನಲ್ಲಿ, "ಉತ್ತರ ತಪ್ಪು, ಯೋಚನೆ ಚೆಂದ" ಎಂದು ಬರೆದು ಅರ್ಧ ಅಂಕ ಕೊಡುವ ಮನುಷ್ಯ. ನಾನು ಅದಕ್ಕೆ ವಿರುದ್ಧ. ಮಕ್ಕಳು ನನಗೆ ಇಟ್ಟ ಹೆಸರೇ ಜಿಪುಣಿ ಟೀಚರ್. ಆದರೆ ನೂರಕ್ಕೆ ನೂರು ಮಾತ್ರ ಅವರೂ ಯಾವ ವಿಸ್ಕಿಗೂ ಕೊಟ್ಟಿರಲಿಲ್ಲ. ಒಮ್ಮೆ ಕೇಳಿದೆ.

"ನೂರು ಕೊಟ್ರೆ ಪುಸ್ತಕ ಮುಚ್ಚಬೇಕಾಗ್ತದೆ ಟೀಚರ್" ಎಂದರು.

ಅವರು ಏನನ್ನು ಹುಡುಕುತ್ತಿದ್ದಾರೆ ಎಂದು ನನಗೆ ತಿಳಿದದ್ದು ಪುಸ್ತಕ ತಿರುವುವಾಗ. ಒಂದು ವಿಸ್ಕಿಯ ಎದುರು, "ಅಪ್ಪನ ಬೈರಾಸು ಹತ್ತಿರ ಬಂದು ಹೋಯಿತು" ಎಂದಿತ್ತು. ಬೈರಾಸು ಎಂದರೆ ನಮ್ಮಲ್ಲಿ ಹೆಗಲ ಮೇಲೆ ಹಾಕುವ ಟವೆಲ್ಲು. ಅವರ ಅಪ್ಪ ಕಳ್ಳು ಇಳಿಸುತ್ತಿದ್ದವರಂತೆ. ಒಂದು ಗುಟುಕಿಗೆ ಯಾವ ಮರದ ಕಳ್ಳು ಎಂದು ಹೇಳುತ್ತಿದ್ದರಂತೆ. ಸಂಜೆ ಮರದಿಂದ ಇಳಿದು ಬಂದವರು ಮಗನನ್ನು ಎತ್ತಿಕೊಂಡರೆ ಅವನ ಮುಖ ನೇರ ಆ ಬೈರಾಸಿನ ಮೇಲೆ. ಹುಳಿ ಕಳ್ಳು, ಬೀಡಿ ಹೊಗೆ, ಬಿಸಿಲು, ಬೆವರು.

"ಫೋಟೋ ಇಲ್ಲ ಟೀಚರ್ ನಮ್ಮ ಅಪ್ಪನದ್ದು. ಆಗ ಯಾರು ತೆಗೀತಿದ್ರು? ನನಗೆ ಉಳಿದದ್ದು ಆ ವಾಸನೆ ಒಂದೇ. ಎಲ್ಲಾದರೂ ಒಂದು ಬಾಟ್ಲಿಯಲ್ಲಿ ಪೂರ್ತಿ ಸಿಕ್ಕೀತು ಅಂತ ನೋಡ್ತಾ ಇದ್ದೇನೆ."

ಸಿಗುವುದಾದರೆ ಸ್ಕಾಟ್ಲೆಂಡಿನ ಒಂದು ದ್ವೀಪದ ವಿಸ್ಕಿಯಲ್ಲಿ ಸಿಗಬೇಕು ಎಂದು ಅವರ ನಂಬಿಕೆ. ಅಲ್ಲಿ ಜೌಗು ಮಣ್ಣನ್ನು ಒಣಗಿಸಿ ಸುಟ್ಟು, ಆ ಹೊಗೆಯಲ್ಲಿ ಧಾನ್ಯ ಒಣಗಿಸುತ್ತಾರೆ ಎಂದು ಲೈಬ್ರರಿಯ ಯಾವುದೋ ಪುಸ್ತಕದಲ್ಲಿ ಓದಿದ್ದರು. ಹತ್ತು ವರ್ಷ ಅದರ ಮಾತಾಡಿದರು. ಕೊನೆಗೆ ಎರಡು ಸಾವಿರದ ನಂತರದ ಒಂದು ಬೇಸಗೆಯಲ್ಲಿ, ದುಬೈಯಲ್ಲಿದ್ದ ಹಳೆಯ ಶಿಷ್ಯನೊಬ್ಬ ರಜೆಗೆ ಬರುವಾಗ ಒಂದು ಪೂರ್ತಿ ಬಾಟ್ಲಿ ತಂದ. ಮಾಸ್ಟ್ರು ಮಂಗಳೂರಿಗೆ ಹೋಗಿ ಅದನ್ನು ಬಟ್ಟೆಚೀಲದಲ್ಲಿ ಇಸಿದುಕೊಂಡರು. ಅಲ್ಲಿಂದ ಮೂಡುಬಿದಿರೆಗೆ ನೇರ ಬಸ್ಸು ಇತ್ತು. ಆದರೆ ಇವರು ಬಿ.ಸಿ.ರೋಡಿನ ಬಸ್ಸು ಹತ್ತಿದರು. ಇಷ್ಟು ವರ್ಷ ಖಾಲಿ ಬಾಟ್ಲಿ ಎತ್ತಿಟ್ಟ ಸಾಹುಕಾರರಿಗೆ ಒಂದು ತುಂಬಿದ ಬಾಟ್ಲಿ ತೋರಿಸಬೇಕಿತ್ತು.

ನಮ್ಮ ಪ್ರೈವೇಟ್ ಬಸ್ಸುಗಳಲ್ಲಿ ಪೂರ್ತಿ ನಿಲ್ಲುವ ಮೊದಲೇ ಇಳಿಯುವುದು ಎಲ್ಲರಿಗೂ ಅಭ್ಯಾಸ. ಮಾಸ್ಟ್ರಿಗೂ ಇತ್ತು. ಆದರೆ ಯಾವಾಗಲೂ ಒಂದು ಕೈಯಲ್ಲಿ ಕಂಬಿ ಹಿಡಿದು ಇಳಿಯುವವರು ಆ ದಿನ ಎರಡೂ ಕೈಯಲ್ಲಿ ಚೀಲ ಹಿಡಿದಿದ್ದರು. ಕಾಲು ಜಾರಿತು. ಬೀಳುವಾಗ ಚೀಲವನ್ನು ಎತ್ತಿ ಎದೆಗೆ ಒತ್ತಿಕೊಂಡರು, ತಲೆಯ ಹಿಂಭಾಗ ರಸ್ತೆಗೆ ಬಡಿಯಿತು. ಅಂಗಡಿಯಿಂದ ಓಡಿಬಂದವರು ಸಾಹುಕಾರರೇ. ನಾನೂ ಅಕ್ಕನೂ ಆಸ್ಪತ್ರೆಗೆ ಮುಟ್ಟುವಾಗ ಅವರು ವರಾಂಡದ ಬೆಂಚಿನಲ್ಲಿ ಕೂತಿದ್ದರು. ಜೀವಮಾನದಲ್ಲಿ ಅಂಥ ಬಾಟ್ಲಿಯನ್ನು ಪೇಪರಿಲ್ಲದೆ ಮುಟ್ಟದ ಮನುಷ್ಯ ಆ ಚೀಲವನ್ನು ಮಡಿಲಲ್ಲಿಟ್ಟು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದರು.

"ಮಾಸ್ಟ್ರನ್ನು ನೋಡ್ಲಿಕ್ಕೆ ಡಾಕ್ಟ್ರು ಉಂಟು. ಇದನ್ನು ನೋಡ್ಲಿಕ್ಕೆ ಯಾರುಂಟು?" ಎಂದು ಅಕ್ಕನ ಕೈಗೆ ಕೊಟ್ಟರು.

ಪ್ರಜ್ಞೆ ಬಂದಾಗ ಮಾಸ್ಟ್ರು ಕೇಳಿದ ಮೊದಲ ಮಾತು, "ಒಡೀಲಿಲ್ಲ ಅಲ್ವಾ?" ಅಕ್ಕ ಅಳುತ್ತ ಬೈದರು.

ಮನೆಗೆ ಬಂದರು, ಗಾಯ ಮಾಗಿತು, ಶಾಲೆಗೂ ಬಂದರು. ಆದರೆ ಬಾಟ್ಲಿ ತೆರೆಯಲಿಲ್ಲ. ಈಗ ಸೆಕೆ, ಮಳೆ ಬರಲಿ ಎಂದರು. ಮಳೆ ಬಂತು, ಈಗ ಥಂಡಿ ಎಂದರು. ಭಾನುವಾರ ಜಗಲಿಯಲ್ಲಿ ಪೇಪರ್ ಓದುತ್ತ ಕೂರುವುದು ಶುರುವಾಯಿತು. ಒಂದು ಭಾನುವಾರ ಅಕ್ಕ ಅವಸರದಲ್ಲಿ ಹತ್ತೂವರೆಗೇ ಬಂಗುಡೆ ಹುರಿದರು. ಕಾವಲಿಯಿಂದ ಮೀನು ತಿರುವುವಾಗ ಗಂಟೆಯ ನೆನಪಾಗಿ ಕೈ ನಿಂತಿತು, ಈಗ ಕೂಗುತ್ತಾರೆ ಎಂದು ಕಾದರು. ಜಗಲಿಯಿಂದ ಏನೂ ಸದ್ದಿಲ್ಲ. ನನಗೆ ಎದುರು ಮನೆಯವರೆಗೂ ಮೀನಿನ ವಾಸನೆ ಬರುತ್ತಿತ್ತು, ಮಾಸ್ಟ್ರು ತಲೆ ಎತ್ತದೆ ಪೇಪರ್ ಓದುತ್ತಿದ್ದರು. ಅಕ್ಕ ಒಲೆ ಆರಿಸಿ ನೇರ ನನ್ನ ಮನೆಗೆ ಬಂದರು.

"ಇವರ ಮೂಗು ಹೋಗಿದೆ ಟೀಚರ್. ಮೂರು ತಿಂಗಳಿಂದ ನನ್ನ ಹತ್ತಿರ ಅಡಗಿಸ್ತಾ ಇದ್ದಾರೆ" ಎಂದು ಮೆಟ್ಟಿಲ ಮೇಲೆ ಕೂತುಬಿಟ್ಟರು.

ಮಂಗಳೂರಿನ ಡಾಕ್ಟರು ಪೆಟ್ಟಿನಿಂದ ವಾಸನೆಯ ನರಕ್ಕೆ ಏಟಾಗಿದೆ, ಬಂದರೆ ಬಂತು ಎಂದರು. ಬರಲಿಲ್ಲ. ನಾಲಗೆಗೆ ಉಪ್ಪು, ಸಿಹಿ, ಹುಳಿ, ಖಾರ ಮಾತ್ರ. ಮಾಸ್ಟ್ರು ಅಳಲಿಲ್ಲ. ನನ್ನ ಹತ್ತಿರ ಒಂದೇ ಮಾತು ಹೇಳಿದರು: "ಮುಂಚೆ ಕಣ್ಣು ಮುಚ್ಚಿದ್ರೆ ಅಪ್ಪ ಬರ್ತಿದ್ರು ಟೀಚರ್. ಈಗ ಹೆಸರು ಮಾತ್ರ ಬರ್ತದೆ."

ಆಟಿ ತಿಂಗಳ, ಎಂದರೆ ನಮ್ಮ ಕಡೆಯ ಆಷಾಢದ, ಒಂದು ಭಾನುವಾರ ಅಕ್ಕ ನನ್ನನ್ನು ಕರೆದರು. ಜಗಲಿಯ ಮೇಜಿನ ಮೇಲೆ ಪೇಪರ್ ಸುತ್ತಿದ ಬಾಟ್ಲಿ, ಅಳತೆ ಜಾಡಿ, ಪುಸ್ತಕ, ಕೆಂಪು ಪೆನ್ನು. ಎಲ್ಲ ಅವರೇ ಜೋಡಿಸಿಟ್ಟಿದ್ದರು.

"ಟೀಚರ್ ಮೂಸಿ ಹೇಳ್ಲಿ. ನೀವು ಬರೀರಿ" ಎಂದರು ಗಂಡನಿಗೆ.

"ಅದು ನಕಲು ಮಾಡಿದ ಹಾಗೆ ಆಗ್ತದೆ" ಎಂದರು ಮಾಸ್ಟ್ರು, ಕುರ್ಚಿಯಿಂದ ಏಳುತ್ತ.

"ಕಣ್ಣು ಕಾಣದ ಮಕ್ಕಳಿಗೆ ಪರೀಕ್ಷೆ ಬರೀಲಿಕ್ಕೆ ಬೇರೆ ಮಕ್ಕಳನ್ನು ಕೂರಿಸ್ತೀರಿ ಅಲ್ವಾ? ಅದು ನಕಲಾ? ಕೂತ್ಕೊಳ್ಳಿ."

ಮೂವತ್ತು ವರ್ಷ ಮಾಸ್ತರಿಕೆ ಮಾಡಿದವರು ಹೇಳಿದ್ದು ಕೇಳುವ ಹುಡುಗನ ಹಾಗೆ ಕೂತರು. ನಾನು ಲೋಟವನ್ನು ಎದೆಯ ಹತ್ತಿರ ಹಿಡಿದು, ಮೆಲ್ಲ ಮೇಲೆ ತಂದೆ.

"ಒದ್ದೆ ಸೌದೆ ಉರಿಯದೆ ಹೊಗೆಯಾಡುವ ವಾಸನೆ. ಟಿಂಕ್ಚರ್ ಹಚ್ಚಿದ ಗಾಯ. ಆಮೇಲೆ ಒಣಮೀನಿನ ಕಡೆಯ ಉಪ್ಪು. ತುಂಬಾ ಹಿಂದೆ ಸ್ವಲ್ಪ ಜೇನು ಉಂಟು, ಹಳೆಯದು."

ಅವರು ಒಂದೊಂದನ್ನೂ ಬರೆದುಕೊಂಡರು. ಒಂದು ಗುಟುಕು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು, ತಲೆ ಆಡಿಸಿದರು. ಆಮೇಲೆ ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು.

"ಬೈರಾಸು ಉಂಟಾ ಟೀಚರ್?"

ಈ ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತಿರಬೇಕಿತ್ತು. ಉಂಟು ಎಂದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆದರೆ ನಾನು ಆ ಬೈರಾಸನ್ನು ಮೂಸಿದವಳಲ್ಲ, ಗೊತ್ತಿಲ್ಲದ ಉತ್ತರಕ್ಕೆ ಅಂಕ ಹಾಕಿ ನನಗೆ ಅಭ್ಯಾಸವೂ ಇಲ್ಲ. "ನನಗೆ ಅದು ಗೊತ್ತಿಲ್ಲವಲ್ಲ ಮಾಸ್ಟ್ರೇ" ಎಂದೆ. ಅವರ ಮುಖ ಇಳಿದುಹೋಯಿತು. ಆ ಕ್ಷಣ ನನ್ನ ಸತ್ಯದ ಮೇಲೆಯೇ ನನಗೆ ಸಿಟ್ಟು ಬಂತು.

ಬಾಗಿಲಿಗೆ ಒರಗಿ ನಿಂತಿದ್ದ ಅಕ್ಕ ಬಂದು ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಇಷ್ಟು ವರ್ಷ ದೂರದಿಂದಲೇ ಮೂಗು ಮುಚ್ಚಿಕೊಂಡವರು ಅದನ್ನು ಎದೆಯ ಹತ್ತಿರ ಹಿಡಿದರು, ಮೆಲ್ಲ ಮೇಲೆ ತಂದರು, ಬಾಯಿ ಸ್ವಲ್ಪ ತೆರೆದರು. ಎಲ್ಲ ನೋಡಿಯೇ ಕಲಿತಿದ್ದರು. ಎರಡು ಸಲ ಮೂಸಿದರು.

"ಉಂಡು" ಎಂದರು ತುಳುವಿನಲ್ಲಿ. ಉಂಟು ಎಂದು.

ಮಾಸ್ಟ್ರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಬಹಳ ಹೊತ್ತಿನ ಮೇಲೆ ಪೆನ್ನು ತೆಗೆದುಕೊಂಡು ಬರೆದರು, ತೊಂಬತ್ತೊಂಬತ್ತು. ಒಂದು ಯಾಕೆ ಕಡಿಮೆ ಎಂದು ನಾನು ಕೇಳಿದೆ.

"ನಾನು ಗೈರುಹಾಜರಿ ಅಲ್ವಾ" ಎಂದು ನಕ್ಕರು. ಬಸ್ಸಿನಿಂದ ಬಿದ್ದ ಮೇಲೆ ಅದೇ ಮೊದಲ ನಗು.

ಗೇಟಿನವರೆಗೆ ಬಂದ ಅಕ್ಕನನ್ನು ಮೆಲ್ಲ ಕೇಳಿದೆ, "ನಿಜವಾಗಿ ಇತ್ತಾ ಅಕ್ಕ?"

"ಮದುವೆಯಾಗಿ ಬಂದ ಮೇಲೆ ಆರು ವರ್ಷ ಮಾವನ ಬೈರಾಸು ಒಗೆದವಳು ನಾನು. ಎಷ್ಟು ಸಾಬೂನು ಹಾಕಿದ್ರೂ ಹೋಗ್ತಿರ್ಲಿಲ್ಲ. ಇತ್ತು" ಎಂದರು. "ಇಷ್ಟು ವರ್ಷ ನನ್ನ ಹತ್ತಿರ ಒಂದು ಮಾತು ಕೇಳಿದ್ರೆ ನಾನೇ ಹುಡುಕಿ ಕೊಡ್ತಿದ್ದೆ. ಕೇಳ್ಬೇಕಲ್ಲ ಗಂಡಸರು."

ಆಮೇಲಿನ ಐದಾರು ವರ್ಷ ಭಾನುವಾರದ ಮೌಲ್ಯಮಾಪನ ನಡೆಯಿತು. ನಾವಿಬ್ಬರು ಮೂಸುವವರು, ಅವರು ಬರೆಯುವವರು. ನಮ್ಮಿಬ್ಬರಿಗೂ ಒಂದೊಂದು ವಾಸನೆಗೆ ಜಗಳ ಹತ್ತಿದರೆ ಮಾಸ್ಟ್ರು ಮಕ್ಕಳ ಜಗಳ ಬಿಡಿಸುವಂತೆ ಇಬ್ಬರಿಗೂ ಅರ್ಧರ್ಧ ಅಂಕ ಹಂಚುತ್ತಿದ್ದರು. ಆ ದ್ವೀಪದ ಬಾಟ್ಲಿಯನ್ನು ಮಾತ್ರ ಮತ್ತೆ ತೆರೆಯಲಿಲ್ಲ, ಆ ಮೂವತ್ತು ಎಂ.ಎಲ್. ಬಿಟ್ಟರೆ ತುಂಬಿದ ಹಾಗೇ ಇತ್ತು. ರಿಟೈರಾದ ಮೂರನೆಯ ವರ್ಷ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ತೀರಿಕೊಂಡವರಿಗೆ ಎಲೆ ಹಾಕಿ ಅವರಿಗೆ ಇಷ್ಟವಾದದ್ದನ್ನು ಬಡಿಸುವ ಅಗೇಲು ನಮ್ಮ ಕಡೆಯ ಕ್ರಮ. ಕೋಳಿ ಸಾರು, ರೊಟ್ಟಿ, ಜೊತೆಗೆ ಕುಡಿಯುವವರಾಗಿದ್ದರೆ ಅದೂ. ಮಾಸ್ಟ್ರ ಅಗೇಲಿನ ದಿನ ಬೆಳಿಗ್ಗೆ ಅಕ್ಕ ನನ್ನ ಮನೆಗೆ ಬಂದರು. ಕೈಯಲ್ಲಿ ಮಾಸ್ಟ್ರ ಪುಸ್ತಕ, ಮತ್ತೆ ಮುಚ್ಚಳ ಬಿಗಿದ ಒಂದು ಬಿಸ್ಕಿಟಿನ ಡಬ್ಬ. ಡಬ್ಬದೊಳಗೆ ಮಡಚಿದ ಬೈರಾಸು, ಮಾಸ್ಟ್ರು ಕೊನೆಯ ದಿನ ಹೆಗಲಿಗೆ ಹಾಕಿಕೊಂಡದ್ದು. ಒಗೆದಿರಲಿಲ್ಲ.

"ಇದನ್ನು ಮೂಸಿ ಹೇಳಿ ಟೀಚರ್. ಪುಸ್ತಕದಲ್ಲಿ ಯಾವುದರ ಹತ್ತಿರ ಬರ್ತದೆ? ಅದನ್ನೇ ಎಲೆಗೆ ಇಡುವ."

ನಾನು ಎದೆಯ ಹತ್ತಿರ ಹಿಡಿದೆ, ಮೆಲ್ಲ ಮೇಲೆ ತಂದೆ. ತೆಂಗಿನೆಣ್ಣೆ, ಕೆಂಪು ಶಾಯಿ, ಹಳೆಯ ಪೇಪರು, ನೀರುದೋಸೆ, ಬಿಸಿಲು. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದೆ. ಸುಳ್ಳು ಹೇಳಲು ಈ ಸಲವೂ ಆಗಲಿಲ್ಲ.

"ಯಾವುದರ ಹತ್ತಿರವೂ ಬರುವುದಿಲ್ಲ ಅಕ್ಕ."

ಅಕ್ಕ ಬೈರಾಸನ್ನು ಮಡಚಿ ಡಬ್ಬದೊಳಗೆ ಇಟ್ಟರು. "ದ್ವೀಪದ್ದೇ ಇಡುವ ಹಾಗಾದ್ರೆ. ಇವರು ಮೂಸದಿದ್ರೆ ಇವರ ಅಪ್ಪನಾದ್ರೂ ಮೂಸ್ತಾರೆ" ಎಂದರು. ಆಮೇಲೆ ಪುಸ್ತಕವನ್ನು ನನ್ನ ಕಡೆಗೆ ತಳ್ಳಿದರು. "ಇದಕ್ಕೆ ಹೊಸ ನಂಬರ್ ಹಾಕಿ ಬರೀರಿ."

ಕೊನೆಯ ನಂಬರಿನ ಕೆಳಗೆ ಮುಂದಿನ ನಂಬರ್ ಹಾಕಿ, ಮೂಸಿದ್ದನ್ನೆಲ್ಲ ಒಂದೂ ಬಿಡದೆ ಬರೆದೆ. ಅಂಕದ ಜಾಗಕ್ಕೆ ಬಂದಾಗ ಅಕ್ಕನ ಮುಖ ನೋಡಿದೆ. ಅವರು ಡಬ್ಬದ ಮುಚ್ಚಳ ಬಿಗಿಯುತ್ತಿದ್ದರು. ಮಕ್ಕಳು ಜಿಪುಣಿ ಟೀಚರ್ ಎಂದು ಕರೆಯುವ ನಾನು ಅವರ ಕೆಂಪು ಪೆನ್ನಿನಲ್ಲಿ ನೂರು ಎಂದು ಬರೆದು ಪುಸ್ತಕ ಮುಚ್ಚಿದೆ.